ಬ್ಯಾಕೆಂಡ್ ಕಲಿಯೋಕೆ ಮೊದಲೇ ದುಡ್ಡು ಕಟ್ಟಬೇಡಿ

‘ಬ್ಯಾಕೆಂಡ್ ಕಲಿಯೋಕೆ ಯಾವ ಕೋರ್ಸ್ ಸೇರಲಿ ಅಣ್ಣ?’ ಅಂತ ಮಂಡ್ಯದ ಹುಡುಗರು ಕೇಳುತ್ತಲೇ ಇರುತ್ತಾರೆ. ಬ್ಯಾಕೆಂಡ್ ಅಂದರೆ ತಾಣದ ಹಿಂದೆ ಸರ್ವರ್‌ನಲ್ಲಿ ಓಡುವ ಕೋಡ್. ಸದ್ಯಕ್ಕೆ ಕೋರ್ಸ್ ಯಾವುದೂ ಬೇಡ. ನಾನು ಮೈಸೂರಲ್ಲಿ ಒಂದು ಕಡೆ ಫೀಸು ಕಟ್ಟಿ, ಮೂರು ತಿಂಗಳು ಸುಮ್ನೆ ಹಳೇ ಸ್ಲೈಡ್ ನೋಡಿ ಬಂದವನು.

ವೆಬ್ ತಂತ್ರಜ್ಞಾನದ ಪಾಠಗಳಿರುವ ಎಂಡಿಎನ್ (MDN) ತಾಣದಲ್ಲಿ ಸರ್ವರ್ ಪ್ರೋಗ್ರಾಮಿಂಗ್‌ಗೇ ಒಂದು ಭಾಗ ಇದೆ, ಪೂರ್ತಿ ಉಚಿತ. ಒಂದು ಪುಸ್ತಕದ ಲೈಬ್ರರಿಯ ತಾಣವನ್ನು ಹಂತ ಹಂತವಾಗಿ ನಿಮ್ಮ ಕೈಯಲ್ಲೇ ಕಟ್ಟಿಸುತ್ತಾರೆ. ಪೈಥಾನ್ ಬಂದರೆ ಜಾಂಗೋ ದಾರಿ, ಜಾವಾಸ್ಕ್ರಿಪ್ಟ್ ಬಂದರೆ ಎಕ್ಸ್‌ಪ್ರೆಸ್ ದಾರಿ. ಎರಡೂ ಸರ್ವರ್ ಕೋಡ್ ಬರೆಯೋಕೆ ಇರುವ ಸಿದ್ಧ ಚೌಕಟ್ಟುಗಳು, ಒಟ್ಟಿಗೆ ಹಿಡಿಯಬೇಡಿ. ಹೆಲ್ಸಿಂಕಿ ವಿಶ್ವವಿದ್ಯಾಲಯದ ‘ಫುಲ್ ಸ್ಟ್ಯಾಕ್ ಓಪನ್’ ಕೂಡ ಉಚಿತ, ಆದರೆ ಅದು ಸ್ವಲ್ಪ ಕೋಡ್ ಬರೆದು ಗೊತ್ತಿರೋರಿಗೆ.

ಯೂಟ್ಯೂಬ್ ಪಾಠ ಆದರೆ ಮೊದಲು ತಾರೀಖು ನೋಡಿ. ಪಿಎಚ್‌ಪಿ (ಇದೂ ಒಂದು ಸರ್ವರ್ ಭಾಷೆ) ಪಾಠದಲ್ಲಿ ಡೇಟಾಬೇಸ್ ಕೇಳೋಕೆ ‘ಮೈಎಸ್‌ಕ್ಯೂಎಲ್_ಕ್ವೆರಿ’ (mysql_query) ಅಂತ ಬರೆದಿದ್ದರೆ ಅಲ್ಲೇ ಬಿಟ್ಟುಬಿಡಿ. ಆ ಫಂಕ್ಷನ್ ಅನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಪಾಸ್‌ವರ್ಡ್ ಅನ್ನು ಗುಪ್ತ ರೂಪಕ್ಕೆ ಬದಲಿಸದೆ ಹಾಗೇ ಡೇಟಾಬೇಸಿಗೆ ಹಾಕಿಸುವ ಪಾಠವೂ ಬೇಡ.

ಜೊತೆಗೆ ನಿಮ್ಮದೇ ಒಂದು ಕೆಲಸ ಹಿಡಿಯಿರಿ. ನಾನು ನಮ್ಮೂರ ಹಾಲಿನ ಡೈರಿಯ ಲೆಕ್ಕ ಇಡೋ ತಾಣ ಮಾಡಿದೆ: ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು. ಲಾಗಿನ್, ಫಾರ್ಮ್, ಡೇಟಾಬೇಸ್ ಮೂರೂ ಅದರಲ್ಲೇ ಬಂತು. ಅಮ್ಮ ಮಾತ್ರ ಇನ್ನೂ ಚೀಟಿಯಲ್ಲೇ ಬರೆಯುತ್ತಾರೆ, ಬಿಡಿ.