ಮುಟ್ಟಿದರೆ ಮುನಿ ಗಿಡ, ಜೊತೆಗೆ ಸ್ಲೋ ಮೋಷನ್

ನಾಲ್ಕೈದು ವರ್ಷದ ಮಕ್ಕಳ ಜೊತೆ ಹೊರಗೆ ಹೋದಾಗ ಮುಟ್ಟಿದರೆ ಮುನಿ ಗಿಡ ಕಂಡರೆ ಮೊಬೈಲ್ ತೆಗೆಯಿರಿ. ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಹಾಕಿ. ಮಗು ಎಲೆಯ ತುದಿಯನ್ನು ಮೆಲ್ಲಗೆ ಮುಟ್ಟಲಿ. ಮುಳ್ಳಿರುತ್ತದೆ, ಕಾಂಡ ಹಿಡಿಯದಂತೆ ನೋಡಿಕೊಳ್ಳಿ. ವಿಡಿಯೋ ತೋರಿಸುವ ಮೊದಲು ಕೇಳಿ: ಎಲ್ಲ ಎಲೆಗಳೂ ಒಟ್ಟಿಗೆ ಮುಚ್ಚಿದವಾ, ಒಂದಾದ ಮೇಲೆ ಒಂದಾ? ಉತ್ತರ ನೀವು ಹೇಳಬೇಡಿ, ಮಗುವೇ ವಿಡಿಯೋ ನೋಡಿ ಹುಡುಕಲಿ. ಆಮೇಲೆ ಊದಿ ನೋಡಿ, ನೀರು ಹನಿಸಿ ನೋಡಿ. ಎಲೆಯ ಬುಡದ ಪುಟ್ಟ ಗಂಟಿನ ಒಂದು ಬದಿಯಿಂದ ನೀರು ಸರಿದಾಗ ಎಲೆ ಮಡಚಿಕೊಳ್ಳುತ್ತದೆ. ಇಷ್ಟು ವಿವರಣೆ ಸಾಕು, ಜಾಸ್ತಿ ಬೇಡ. ಮತ್ತೆ ಬಿಚ್ಚಿಕೊಳ್ಳಲು ಸುಮಾರು 10-20 ನಿಮಿಷ ಬೇಕು. ಫೋನನ್ನು ಕಲ್ಲಿಗೆ ಒರಗಿಸಿ ಟೈಮ್ ಲ್ಯಾಪ್ಸ್ (ನಿಧಾನವಾಗಿ ಆಗುವುದನ್ನು ಬೇಗ ಓಡಿಸಿ ತೋರಿಸುವ ವಿಡಿಯೋ) ಹಾಕಿಡಿ, ಅಷ್ಟರಲ್ಲಿ ಮಕ್ಕಳು ಇರುವೆ ಸಾಲು ಹುಡುಕಲಿ.