ಅಭಿವೃದ್ಧಿ ಅರ್ಥಶಾಸ್ತ್ರ: ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಕೇಳಬೇಕು

ಅಭಿವೃದ್ಧಿ ಅರ್ಥಶಾಸ್ತ್ರದ ತರಗತಿಗೆ ಸೇರಿದ ವಿದ್ಯಾರ್ಥಿ ಅಧ್ಯಾಪಕರು ಕೊಟ್ಟ ಪುಸ್ತಕಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ, ದೇಶದ ಆರ್ಥಿಕ ಬೆಳವಣಿಗೆಯನ್ನು ವಿವರಿಸುವ ಗಣಿತದ ಮಾದರಿಗಳಲ್ಲೇ ಅರ್ಧ ವರ್ಷ ಕಳೆದು, ಬಡ ಕುಟುಂಬವೊಂದು ತಿಂಗಳನ್ನು ಹೇಗೆ ದೂಡುತ್ತದೆ ಎಂಬುದು ಕಡೆಯವರೆಗೂ ತಿಳಿಯದೆ ಉಳಿಯಬಹುದು. ಮನೆಯ ಲೆಕ್ಕವನ್ನು ಮೊದಲು, ದೇಶದ ಲೆಕ್ಕವನ್ನು ಆಮೇಲೆ ಓದುವುದು ಮೇಲು.

ಆರಂಭಕ್ಕೆ 2009ರಲ್ಲಿ ಬಂದ ‘ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್’ ಸೂಕ್ತವಾದುದು. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳ ಕುಟುಂಬಗಳನ್ನು ಸಂಶೋಧಕರು ಸುಮಾರು ಹದಿನೈದು ದಿನಕ್ಕೊಮ್ಮೆ, ಒಂದು ವರ್ಷದ ಕಾಲ ಭೇಟಿಯಾಗಿ, ಕೈಗೆ ಬಂದ ಹಣ, ಕೊಟ್ಟ ಕೈಸಾಲ, ಕಟ್ಟಿದ ಚೀಟಿ ಎಲ್ಲವನ್ನೂ ಬರೆದುಕೊಂಡರು. ವರ್ಷದ ಕೊನೆಯಲ್ಲಿ ಉಳಿದ ಮೊತ್ತ ಅಲ್ಪವಾದರೂ ನಡುವೆ ಕೈಬದಲಾದ ಹಣ ಅದರ ಹಲವು ಪಟ್ಟು ಇತ್ತೆಂಬುದು ಪುಸ್ತಕದ ತಿರುಳು. ಒಂದು ಕುಟುಂಬದ ಲೆಕ್ಕವನ್ನಾದರೂ ಕಾಗದದ ಮೇಲೆ ನೀವೇ ಮತ್ತೆ ಬರೆದು ನೋಡಿ.

ಎರಡನೆಯ ಹೆಜ್ಜೆಯಾಗಿ ಅಮರ್ತ್ಯ ಸೇನ್ ಅವರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ (1981) ಕೈಗೆತ್ತಿಕೊಳ್ಳಬೇಕು. ಇಡೀ ಪುಸ್ತಕಕ್ಕೆ ಸಮಯವಿಲ್ಲದಿದ್ದರೆ 1943ರ ಬಂಗಾಳದ ಕ್ಷಾಮದ ಅಧ್ಯಾಯವೊಂದೇ ಸಾಕು. ಆ ವರ್ಷದ ಆಹಾರಧಾನ್ಯದ ಲಭ್ಯತೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ 5ರಷ್ಟು ಮಾತ್ರ ಕಡಿಮೆ ಇತ್ತು, ಕ್ಷಾಮವೇ ಇಲ್ಲದ 1941ಕ್ಕಿಂತ ಹೆಚ್ಚೇ ಇತ್ತು ಎಂದು ಸೇನ್ ಲೆಕ್ಕ ಹಾಕುತ್ತಾರೆ. ಹಾಗಾದರೆ ಸತ್ತವರು ಯಾರು, ಏಕೆ? ಕೃಷಿಕೂಲಿಯವರ ದಿನಗೂಲಿಗೆ, ಮೀನುಗಾರರ ಮೀನಿಗೆ, ಕ್ಷೌರಿಕರ ಕೆಲಸಕ್ಕೆ ಎಷ್ಟು ಅಕ್ಕಿ ಸಿಗುತ್ತಿತ್ತು ಎಂಬುದನ್ನು ಅವರು ಅಳೆಯುತ್ತಾರೆ. ಆ ಕೋಷ್ಟಕಗಳ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದಬೇಕು. ಕ್ಷೌರವನ್ನು ಮುಂದೂಡಬಹುದು, ಊಟವನ್ನು ಮುಂದೂಡಲಾಗದು ಎಂಬ ಸರಳ ಸಂಗತಿ ಅಲ್ಲಿ ಅಂಕಿಯಾಗಿ ಕಾಣುತ್ತದೆ. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅವರನ್ನೂ ಓದಬೇಕು.

ಅಲ್ಲಿಂದ ಮುಂದೆ ಪುಸ್ತಕಗಳನ್ನು ಒಂಟಿಯಾಗಿ ಓದದೆ ಜೋಡಿಯಾಗಿ ಓದುವುದು ಲೇಸು. ಬಡ ದೇಶಗಳಿಗೆ ಸಿರಿವಂತ ದೇಶಗಳು ಕೊಡುವ ನೆರವಿನ ಹಣವನ್ನು ದೊಡ್ಡದಾಗಿ ಹೆಚ್ಚಿಸಿದರೆ ಕಡುಬಡತನ ನೀಗುತ್ತದೆ ಎನ್ನುವ ಜೆಫ್ರಿ ಸ್ಯಾಕ್ಸ್ ಅವರ ‘ದಿ ಎಂಡ್ ಆಫ್ ಪಾವರ್ಟಿ’ (2005) ಮುಗಿದ ಕೂಡಲೇ, ಮೇಲಿನಿಂದ ಹೇರಿದ ಯೋಜನೆಗಳನ್ನೇ ಪ್ರಶ್ನಿಸುವ ವಿಲಿಯಂ ಈಸ್ಟರ್ಲಿ ಅವರ ‘ದಿ ವೈಟ್ ಮ್ಯಾನ್ಸ್ ಬರ್ಡನ್’ (2006) ತೆರೆಯಿರಿ. ಯಾವ ಯೋಜನೆ ಫಲಿಸುತ್ತದೆ ಎಂಬುದನ್ನು ಒಂದೊಂದಾಗಿ ಪ್ರಯೋಗ ಮಾಡಿ ನೋಡೋಣ ಎನ್ನುವ ಮೂರನೆಯ ದನಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ‘ಪೂರ್ ಎಕನಾಮಿಕ್ಸ್’ (2011). ದೇಬ್‌ರಾಜ್ ರೇ ಅವರ 1998ರ ಅಭಿವೃದ್ಧಿ ಅರ್ಥಶಾಸ್ತ್ರದ ಪಠ್ಯಪುಸ್ತಕ ಮಗ್ಗುಲಲ್ಲಿ ಇರಲಿ, ಅನುಮಾನ ಬಂದಾಗ ತೆಗೆದು ನೋಡಲು.

ಸಂಶೋಧನಾ ಪ್ರಬಂಧಕ್ಕೆ ಬರುವಾಗ ಒಂದನ್ನೇ ಆರಿಸಿ ಆಳವಾಗಿ ಓದುವುದು ಹತ್ತರ ಸಾರಾಂಶಕ್ಕಿಂತ ಫಲದಾಯಕ. ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಕೀನ್ಯಾದ 75 ಶಾಲೆಗಳಲ್ಲಿ ಮಕ್ಕಳಿಗೆ ಜಂತುಹುಳದ ಔಷಧಿ ಕೊಟ್ಟು ಗೈರುಹಾಜರಿಯನ್ನು ಅಳೆದ ಪ್ರಬಂಧ 2004ರಲ್ಲಿ ಪ್ರಕಟವಾಯಿತು. ಅದೇ ದತ್ತಾಂಶದ ಮರುವಿಶ್ಲೇಷಣೆ 2015ರಲ್ಲಿ ಬಂದು ಲೆಕ್ಕದ ದೋಷಗಳನ್ನು ಎತ್ತಿ ತೋರಿಸಿತು, ಮೂಲ ಲೇಖಕರು ಉತ್ತರಿಸಿದರು. ಮೂಲ, ಆಕ್ಷೇಪ, ಉತ್ತರ ಮೂರನ್ನೂ ಎದುರಿಗಿಟ್ಟುಕೊಂಡರೆ ಪುರಾವೆಯನ್ನು ತೂಗುವುದು ಹೇಗೆಂದು ಕೈಗೆ ಹತ್ತುತ್ತದೆ.

ಕೇಳುವ ಕೆಲಸ ಓದಿನ ನಂತರದ್ದು. ಹೊಸ ಸಂಶೋಧನೆಗಳನ್ನು ಅವುಗಳ ಲೇಖಕರ ಬಾಯಲ್ಲೇ ಕೇಳಿಸುವ ‘ವಾಕ್ಸ್‌ಡೆವ್ ಟಾಕ್ಸ್’ ಪಾಡ್‌ಕಾಸ್ಟ್ ಇದಕ್ಕೆ ಒದಗುತ್ತದೆ. ಬ್ಯಾನರ್ಜಿ ಮತ್ತು ಡುಫ್ಲೊ ಅವರ ತರಗತಿಯ ಪಾಠಗಳು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮುಕ್ತ ಪಾಠತಾಣದಲ್ಲಿ ಉಚಿತವಾಗಿವೆ. ಕಿವಿಯಿಂದ ಹಿಡಿದ ಅಂಕಿಯನ್ನು ಮಾತ್ರ ಹಾಗೆಯೇ ಬರೆದುಕೊಳ್ಳಬೇಡಿ. ವಿಶ್ವ ಬ್ಯಾಂಕಿನ ಕಡುಬಡತನದ ರೇಖೆ ದಿನಕ್ಕೆ 1.90 ಡಾಲರ್ ಇದ್ದದ್ದು 2022ರಲ್ಲಿ 2.15ಕ್ಕೆ, 2025ರ ಜೂನ್‌ನಲ್ಲಿ 3 ಡಾಲರ್‌ಗೆ ಬದಲಾಯಿತು. ಹಳೆಯ ಸಂಚಿಕೆಯಲ್ಲಿ ಕೇಳಿದ ಬಡವರ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ರೇಖೆಯದು, ಯಾವ ವರ್ಷದ ಬೆಲೆಯಲ್ಲಿ ಎಂಬುದನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ ಮೇಲಷ್ಟೇ ಇನ್ನೊಂದು ಸಂಖ್ಯೆಯ ಜೊತೆ ಹೋಲಿಸಿ.