ಇಳಿಜಾರು ಹೊಲದಲ್ಲಿ ಗೊಬ್ಬರದ ಲೆಕ್ಕ: ನನ್ನ ಅನುಭವ

ಗೊಬ್ಬರದ ಲೆಕ್ಕ ಹಾಕುವಾಗ ನಾವು ಸಾಮಾನ್ಯವಾಗಿ ಎರಡೇ ಬಾಬ್ತು ನೋಡುತ್ತೇವೆ. ಎಷ್ಟು ಹಾಕಿದೆವು, ಬೆಳೆ ಎಷ್ಟು ತೆಗೆದುಕೊಂಡಿತು. ನನ್ನದು ಇಳಿಜಾರು ಹೊಲ. ಹಾಗಾಗಿ ಮೂರನೆಯದನ್ನೂ ಬರೆದುಕೊಳ್ಳುತ್ತೇನೆ: ಮಳೆ ನೀರಿನ ಜೊತೆ ಹೋದದ್ದು.

ಒಂದು ಹೆಕ್ಟೇರಿನಿಂದ 1 ಮಿ.ಮೀ. ಮೇಲ್ಮಣ್ಣು ಕೊಚ್ಚಿಹೋದರೆ 10 ಘನ ಮೀಟರ್ ಆಯಿತು. ತೂಕದಲ್ಲಿ ಸುಮಾರು 13 ಟನ್. ಆ ಮಣ್ಣಿನಲ್ಲಿ ಒಟ್ಟು ಸಾರಜನಕ ಶೇ 0.1 ಇದೆ ಅಂತಿಟ್ಟುಕೊಳ್ಳಿ, 13 ಕಿಲೋ ಹೋಯಿತು. ಸುಮಾರು 28 ಕಿಲೋ ಯೂರಿಯಾದಲ್ಲಿ ಇರುವಷ್ಟು! ಅದರಲ್ಲಿ ಬಹುಪಾಲು ಬೆಳೆಗೆ ತಕ್ಷಣ ಸಿಗುವಂಥದ್ದಲ್ಲ, ನಿಜ. ಆದರೆ ಮುಂದಿನ ವರ್ಷಗಳಿಗೆ ಇಟ್ಟ ಗಂಟು ಅದೇ ಅಲ್ವಾ? ಇಷ್ಟಾದರೂ 1 ಮಿ.ಮೀ. ಹೋದದ್ದು ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನೊಂದು ವಿಷಯವಿದೆ. ನೀರು ಎಲ್ಲ ಮಣ್ಣನ್ನೂ ಸಮನಾಗಿ ಒಯ್ಯುವುದಿಲ್ಲ. ಹಗುರವಾದ ಜೇಡಿ ಕಣ, ಕೊಳೆತ ಸೊಪ್ಪುಸದೆಯ ಅಂಶ ಮೊದಲು ಹೋಗುತ್ತವೆ. ರಂಜಕ ಅಂಟಿಕೊಂಡಿರುವುದು, ಪೊಟ್ಯಾಷ್ ಹಿಡಿದಿಟ್ಟಿರುವುದು ಇವುಗಳಲ್ಲೇ. ಹಿಂದೆ ಉಳಿಯುವುದು ಮರಳು, ಹರಳು. ಕೊಚ್ಚಿಹೋಗುವ ಮಣ್ಣು ಹಿಡಿಯಲೆಂದು ಹೊಲದ ಅಂಚಿಗೆ ತೋಡಿದ ಹೊಂಡದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ತಳದಲ್ಲಿ ಕುಳಿತದ್ದು ಹೆಚ್ಚಾಗಿ ದಪ್ಪ ಮರಳು. ಸತ್ವವೆಲ್ಲ ಕೆಂಪು ನೀರಿನ ಜೊತೆ ಹೊಂಡ ದಾಟಿ ಹೋಗಿತ್ತು. ಅಂದಿನಿಂದ ಹೊಂಡದ ಮೇಲೆ ನನಗೆ ನಂಬಿಕೆ ಕಡಿಮೆ. ಮಣ್ಣು ಜಾಗ ಬಿಟ್ಟು ಏಳದಂತೆ ನೋಡಿಕೊಳ್ಳುವುದೇ ಮುಖ್ಯ.

ಮಣ್ಣು ಪರೀಕ್ಷೆಗೆ ಮೇಲಿನ, ನಡುವಿನ, ಕೆಳಗಿನ ಭಾಗದ ಮಾದರಿಗಳನ್ನು ಬೇರೆ ಬೇರೆಯಾಗಿಯೇ ಕೊಡುತ್ತೇನೆ. ಮೂರನ್ನೂ ಕಲಸಿದರೆ ಬರುವ ಸರಾಸರಿ ಹೊಲದ ಯಾವ ಮೂಲೆಗೂ ಹೊಂದುವುದಿಲ್ಲ. ಮೇಲ್ಭಾಗದಲ್ಲಿ ಸಾವಯವ ಇಂಗಾಲವೂ ರಂಜಕವೂ ಕಡಿಮೆ. ಕೆಳಗೆ ರಂಜಕ ಬೇಕಾದ್ದಕ್ಕಿಂತ ಜಾಸ್ತಿ. ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚಿನ ಪಾಲು ಮೇಲಕ್ಕೆ ಹೊತ್ತು ಹಾಕುವುದು ಅದಕ್ಕೇ. ಬೆನ್ನು ನೋಯುತ್ತದೆ, ಬೇರೆ ದಾರಿಯಿಲ್ಲ. ಅಲ್ಲಿ ರಾಸಾಯನಿಕ ಗೊಬ್ಬರವನ್ನೇ ಸುಮ್ನೆ ಸುರಿದರೆ ಅದನ್ನು ಹಿಡಿದಿಡುವ ಮಣ್ಣೇ ಇರುವುದಿಲ್ಲ.

ಉಳುಮೆ, ಬಿತ್ತನೆ ಎಲ್ಲ ಇಳಿಜಾರಿಗೆ ಅಡ್ಡವಾಗಿ. ಸಮಪಾತಳಿ ಗೆರೆಯನ್ನು, ಅಂದರೆ ಹೊಲದಲ್ಲಿ ಒಂದೇ ಎತ್ತರದಲ್ಲಿ ಸಾಗುವ ಗೆರೆಯನ್ನು, ಎ ಆಕಾರದ ಮರದ ಚೌಕಟ್ಟು, ತೂಗುಗುಂಡಿನಿಂದ ಗುರುತಿಸಿಕೊಂಡೆ. ಆ ಗೆರೆಗಳ ಮೇಲೆ ಲಾವಂಚ ಒತ್ತೊತ್ತಾಗಿ ನೆಟ್ಟಿದ್ದೇನೆ. ಸಾಲಿನಲ್ಲಿ ಸಂದು ಬಿಟ್ಟರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ. ಕೊಯ್ಲಾದ ಮೇಲೆ ಕೂಳೆ ಕೀಳುವುದಿಲ್ಲ, ಸೊಪ್ಪುಸದೆ ಹರಡುತ್ತೇನೆ. ಮಳೆ ಹನಿ ನೇರವಾಗಿ ಬರಿ ಮಣ್ಣಿಗೆ ಬಡಿಯುವುದರಿಂದಲೇ ಕಣ ಸಡಿಲವಾಗುವುದು. ನನ್ನ ಮಟ್ಟಿಗೆ ಬದುವಿಗಿಂತ ಈ ಹೊದಿಕೆಯೇ ಹೆಚ್ಚು ಕೆಲಸ ಮಾಡಿದೆ.

ಯೂರಿಯಾವನ್ನು ಕಂತಿನಲ್ಲಿ ಕೊಡುತ್ತೇನೆ, ಜೋರು ಮಳೆಯ ಮುನ್ಸೂಚನೆ ಇದ್ದರೆ ಮುಂದೂಡುತ್ತೇನೆ. ರಂಜಕವನ್ನು ಮೇಲೆ ಎರಚದೆ ಸಾಲಿನಲ್ಲಿ ಮಣ್ಣಿನೊಳಗೆ ಇಡುತ್ತೇನೆ. ತೀರಾ ಕೆಳಗಿನ ಪಟ್ಟಿಗೆ ರಂಜಕ ಹಾಕುವುದನ್ನು ನಿಲ್ಲಿಸಿದ್ದೇನೆ. ಅಲ್ಲಿ ಹಾಕಿದ್ದು ನೇರ ಹಳ್ಳ ಸೇರಿ ನೀರಿನಲ್ಲಿ ಪಾಚಿ ಬೆಳೆಸುತ್ತದೆ, ಅಷ್ಟೆ.